ಲಾಭ ಹುಟ್ಟುವುದು ಯಾವ ಗಂಟೆಯಲ್ಲಿ? ಮಾರ್ಕ್ಸ್ ಕಂಡ ಐಡಿಯಾಲಜಿ

1837ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲೆಕ್ಕ ಅಚ್ಚಾಗಿ ಹೊರಬಂತು. ಬರೆದವರು ನಾಸೌ ಸೀನಿಯರ್, ಆಕ್ಸ್‌ಫರ್ಡಿನಲ್ಲಿ ಅರ್ಥಶಾಸ್ತ್ರ ಕಲಿಸಿದ್ದ ಹೆಸರಾಂತ ಪಂಡಿತ. ಹತ್ತಿ ಗಿರಣಿಗಳಲ್ಲಿ ದಿನದ ದುಡಿಮೆಯನ್ನು ಹತ್ತು ಗಂಟೆಗೆ ಇಳಿಸಿ ಅಂತ ಕಾರ್ಮಿಕರು ಪಟ್ಟು ಹಿಡಿದಿದ್ದ ಕಾಲ ಅದು. ಹಾಗೆ ಇಳಿಸಿದರೆ ಏನು ಅನಾಹುತ ಆಗುತ್ತದೆ ಅಂತ ಸೀನಿಯರ್ ಅಂಕಿ ಸಮೇತ ತೋರಿಸಲು ಹೊರಟಿದ್ದರು.

ಆಗಿನ ಕಾನೂನಿನಂತೆ, 18 ವರ್ಷದೊಳಗಿನವರು ಕೆಲಸ ಮಾಡುವ ಗಿರಣಿ ವಾರದಲ್ಲಿ ಐದು ದಿನ 12 ಗಂಟೆ, ಶನಿವಾರ 9 ಗಂಟೆ ಓಡಬಹುದಿತ್ತು. ಸರಾಸರಿ ದಿನಕ್ಕೆ ಹನ್ನೊಂದೂವರೆ ಗಂಟೆ. ಸೀನಿಯರ್ ಒಬ್ಬ ಮಾಲೀಕನನ್ನು ಕಲ್ಪಿಸಿಕೊಂಡರು. ಅವನು ಹಾಕಿದ ಬಂಡವಾಳ 1,00,000 ಪೌಂಡ್. ಅದರಲ್ಲಿ 80,000 ಕಟ್ಟಡಕ್ಕೆ, ಯಂತ್ರಕ್ಕೆ. ಉಳಿದ 20,000 ಹತ್ತಿಗೆ, ಕೂಲಿಗೆ. ವರ್ಷದ ಕೊನೆಗೆ ಮಾಲು ಮಾರಿ ಬಂದದ್ದು 1,15,000 ಪೌಂಡ್. ಈಗ ಹನ್ನೊಂದೂವರೆ ಗಂಟೆಯನ್ನು 23 ಅರ್ಧ ಗಂಟೆಗಳಾಗಿ ಒಡೆಯಿರಿ. ಒಂದೊಂದು ಅರ್ಧ ಗಂಟೆಯ ಪಾಲಿಗೆ 5,000 ಪೌಂಡ್ ಬರುತ್ತದೆ. ಮೊದಲ 20 ಅರ್ಧ ಗಂಟೆ ಹಾಕಿದ ಬಂಡವಾಳ ವಾಪಸ್ ಬರುವುದಕ್ಕೇ ಆಯಿತು. 21ನೆಯದು ಯಂತ್ರದ ಸವೆತಕ್ಕೆ. ಕೊನೆಗೆ ಉಳಿದದ್ದು ಎರಡು ಅರ್ಧ ಗಂಟೆ, ಅಂದರೆ ಒಂದೇ ಒಂದು ಗಂಟೆ. ಮಾಲೀಕನ 10,000 ಪೌಂಡ್ ನಿವ್ವಳ ಲಾಭ ಹುಟ್ಟುವುದು ಆ ಒಂದು ಗಂಟೆಯಲ್ಲಿ. ಅದನ್ನು ಕತ್ತರಿಸಿದರೆ ಲಾಭ ಸೊನ್ನೆ. ಒಂದೂವರೆ ಗಂಟೆ ಕತ್ತರಿಸಿದರೆ ಸವೆತದ ದುಡ್ಡೂ ಹುಟ್ಟುವುದಿಲ್ಲ. ಗಿರಣಿಗೆ ಬೀಗವೇ ಗತಿ.

ಎಷ್ಟು ಚೊಕ್ಕ ಲೆಕ್ಕ ಅಲ್ವಾ? ತಪ್ಪೆಲ್ಲಿದೆ ಅಂತ ಥಟ್ಟನೆ ಹೊಳೆಯುವುದೂ ಇಲ್ಲ. ಸ್ವಲ್ಪ ನಿಧಾನವಾಗಿ ನೋಡಿ. ಗಿರಣಿ ಒಂದು ಗಂಟೆ ಕಡಿಮೆ ಓಡಿದರೆ ಹತ್ತಿಯೂ ಕಡಿಮೆ ಖರ್ಚಾಗುತ್ತದೆ. ಯಂತ್ರವೂ ಕಡಿಮೆ ಸವೆಯುತ್ತದೆ. ಬೆಳಗಿನ ಹತ್ತು ಗಂಟೆ ಬರೀ ಹತ್ತಿಯ ಕಾಸು, ಕೂಲಿಯ ಕಾಸು ದುಡಿದು, ಸಂಜೆ ಮೇಲೆ ಲಾಭಕ್ಕೆ ಕೈ ಹಚ್ಚುವ ಕಾರ್ಮಿಕ ಎಲ್ಲೂ ಇಲ್ಲ. ಬೆಳಗ್ಗೆ ಮೊದಲ ನಿಮಿಷ ನೂತ ನೂಲಿನಲ್ಲೂ ಸ್ವಲ್ಪ ಹತ್ತಿಯ ಬೆಲೆ ಇದೆ, ಸ್ವಲ್ಪ ಯಂತ್ರದ ಸವೆತ ಇದೆ, ಸ್ವಲ್ಪ ಕೂಲಿ ಇದೆ, ಸ್ವಲ್ಪ ಲಾಭ ಇದೆ. ಪ್ರತಿ ನಿಮಿಷವೂ ಹಾಗೇ.

ಮೂವತ್ತು ವರ್ಷದ ನಂತರ, 1867ರ ‘ಬಂಡವಾಳ’ ಎಂಬ ಪುಸ್ತಕದಲ್ಲಿ, ಕಾರ್ಲ್ ಮಾರ್ಕ್ಸ್ ಈ ಲೆಕ್ಕವನ್ನು ಬಿಚ್ಚಿ ಹರಡಿದರು. ಸೀನಿಯರ್ ಅಂಕಿಗಳನ್ನೇ ಒಪ್ಪಿಕೊಂಡರೂ ದಿನದ ಅರ್ಧ, ಅಂದರೆ ಐದೂ ಮುಕ್ಕಾಲು ಗಂಟೆ, ಕಾರ್ಮಿಕ ತನ್ನ ಕೂಲಿಗೆ ದುಡಿಯುತ್ತಾನೆ. ಇನ್ನರ್ಧ ಮಾಲೀಕನಿಗೆ. ಒಂದು ಗಂಟೆ ಕಡಿಮೆಯಾದರೆ ಮಾಲೀಕನ ಪಾಲು ಐದೂ ಮುಕ್ಕಾಲರಿಂದ ನಾಲ್ಕೂ ಮುಕ್ಕಾಲಕ್ಕೆ ಇಳಿಯುತ್ತದೆ. ಲಾಭ ಕಡಿಮೆಯಾಗುತ್ತದೆ, ಅದು ಖಂಡಿತ. ಆದರೆ ಮಾಯವಾಗುವುದಿಲ್ಲ.

ಅಷ್ಟು ಹೊತ್ತಿಗೆ ಇತಿಹಾಸವೇ ಉತ್ತರ ಕೊಟ್ಟಾಗಿತ್ತು. 1847ರಲ್ಲಿ ಹೆಂಗಸರಿಗೂ 13ರಿಂದ 18 ವಯಸ್ಸಿನವರಿಗೂ ಹತ್ತು ಗಂಟೆಯ ಕಾನೂನು ಬಂತು. ಮಾಲೀಕರು ಪಾಳಿಗಳನ್ನು ಹಿಂದುಮುಂದು ಮಾಡಿ ಕಾನೂನಿನ ಕಣ್ಣು ತಪ್ಪಿಸಿದರು. 1850ರಲ್ಲಿ ಹತ್ತೂವರೆ ಗಂಟೆಗೆ ರಾಜಿಯಾಯಿತು. ಇಷ್ಟೆಲ್ಲ ಆದರೂ ಲ್ಯಾಂಕಾಶೈರಿನ ಗಿರಣಿಗಳು ಮುಚ್ಚಲಿಲ್ಲ, ಬೆಳೆದವು. (1847ರ ಕಾನೂನಿಗೆ ಕೈ ಎತ್ತಿದವರಲ್ಲಿ ಜಮೀನ್ದಾರರ ಪಕ್ಷದವರೂ ಇದ್ದರು ಅನ್ನುವುದು ತಮಾಷೆ. ಹಿಂದಿನ ವರ್ಷ ಧಾನ್ಯದ ಆಮದು ಸುಂಕ ತೆಗೆಸಿ ತಮ್ಮ ಹೊಟ್ಟೆಗೆ ಹೊಡೆದ ಗಿರಣಿ ಮಾಲೀಕರ ಮೇಲೆ ಅವರಿಗೆ ಸಿಟ್ಟಿತ್ತು. ವರ್ಗ ಹೋರಾಟ ಯಾವತ್ತೂ ಎರಡೇ ಸಾಲಿನಲ್ಲಿ ನಿಂತು ನಡೆಯುವುದಿಲ್ಲ.)

ಸೀನಿಯರ್ ಸುಳ್ಳು ಹೇಳಿದರೇ?

ಮಾರ್ಕ್ಸ್ ಸೀನಿಯರ್ ಅವರನ್ನು ಗೇಲಿ ಮಾಡಿದ ಪುಟಗಳು ಓದಲು ಮಜವಾಗಿವೆ. ಮಾಲೀಕರ ಕೈಗೊಂಬೆ ಎಂಬ ಧಾಟಿಯೂ ಅಲ್ಲಿದೆ. ಆದರೆ ಸೀನಿಯರ್ ಬರೀ ಸುಳ್ಳುಗಾರ ಅಂದುಬಿಟ್ಟರೆ ವಿಷಯ ಅಲ್ಲಿಗೇ ಮುಗಿಯಿತು. ಸುಳ್ಳಿಗೆ ಸಿದ್ಧಾಂತ ಬೇಕಾಗಿಲ್ಲ, ಬಯಲು ಮಾಡಿದರೆ ಸಾಕು. ನನಗೆ ಕಾಣುವುದು ಬೇರೆ. ಸೀನಿಯರ್ ನೋಡಿದ್ದು ಮಾಲೀಕನ ಲೆಕ್ಕದ ಪುಸ್ತಕವನ್ನು. ಆ ಪುಸ್ತಕದಲ್ಲಿ ಖರ್ಚು ಮೊದಲು ಬರುತ್ತದೆ, ಎಲ್ಲ ಕಳೆದ ಮೇಲೆ ಕೊನೆಯ ಸಾಲಿನಲ್ಲಿ ಲಾಭ ಉಳಿಯುತ್ತದೆ. ಪುಸ್ತಕದ ಆ ಕ್ರಮವನ್ನೇ ಅವರು ಗಡಿಯಾರದ ಕ್ರಮ ಅಂದುಕೊಂಡರು. ಕೊನೆಯ ಸಾಲು ಕೊನೆಯ ಗಂಟೆಯಾಯಿತು. ಪ್ರಾಮಾಣಿಕವಾಗಿಯೇ ಹಾಗೆ ಅಂದುಕೊಂಡಿರಬಹುದು. ಮಾಲೀಕನ ಕುರ್ಚಿಯಲ್ಲಿ ಕೂತು ನೋಡಿದರೆ ಲಾಭ ಹಾಗೇ ಕಾಣುತ್ತದೆ.

ಮಾರ್ಕ್ಸ್‌ವಾದದಲ್ಲಿ ಐಡಿಯಾಲಜಿ ಅಂದರೆ ಹೆಚ್ಚುಕಡಿಮೆ ಇದೇ. ಒಂದು ಸ್ಥಾನದಿಂದ ಕಂಡ ಜಗತ್ತನ್ನು ಇಡೀ ಜಗತ್ತು ಅಂತ ನಂಬುವುದು. ಆ ನಂಬಿಕೆ ಯಾರಿಗೆ ಅನುಕೂಲ ಅನ್ನುವ ಪ್ರಶ್ನೆಯೇ ಏಳದಿರುವುದು.

ಈ ಪದ ಮಾರ್ಕ್ಸ್ ಕಟ್ಟಿದ್ದಲ್ಲ. ಫ್ರಾನ್ಸಿನ ದೆಸ್ತುತ್ ದ ತ್ರಾಸಿ 1796ರಲ್ಲಿ, ವಿಚಾರಗಳ ಬಗೆಗಿನ ವಿಜ್ಞಾನ ಎಂಬ ಒಳ್ಳೆಯ ಅರ್ಥದಲ್ಲೇ ಇದನ್ನು ಬಳಸಿದ. ಕೆಲವೇ ವರ್ಷಗಳಲ್ಲಿ ನೆಪೋಲಿಯನ್ ಅದನ್ನು ಬೈಗುಳ ಮಾಡಿದ. ಮಾರ್ಕ್ಸ್ ಮತ್ತು ಅವರ ಗೆಳೆಯ ಎಂಗೆಲ್ಸ್ 1845–46ರಲ್ಲಿ ಬ್ರಸೆಲ್ಸ್‌ನಲ್ಲಿ ಕೂತು ಜರ್ಮನ್ ತತ್ವಜ್ಞಾನಿಗಳ ಮೇಲೆ ಬರೆದ ದಪ್ಪನೆಯ ಹಸ್ತಪ್ರತಿಯಲ್ಲಿ ಅದಕ್ಕೆ ಹೊಸ ಕೆಲಸ ಕೊಟ್ಟರು. ಪ್ರಕಾಶಕರು ಸಿಗಲಿಲ್ಲ. ಹಸ್ತಪ್ರತಿಯನ್ನು ಇಲಿಗಳ ವಿಮರ್ಶೆಗೆ ಬಿಟ್ಟೆವು ಅಂತ ಮಾರ್ಕ್ಸ್ ಆಮೇಲೆ ತಮಾಷೆ ಮಾಡಿದರು. ಪೂರ್ತಿಯಾಗಿ ಅದು ಅಚ್ಚಾದದ್ದು 1932ರಲ್ಲಿ, ಇಬ್ಬರೂ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಅದರಲ್ಲಿರುವ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: ಯಾವುದೇ ಕಾಲದಲ್ಲಿ ಆಳುವ ವರ್ಗದ ವಿಚಾರಗಳೇ ಆಳುವ ವಿಚಾರಗಳು. ಇದನ್ನು ಸಂಚು ಅಂತ ಓದುವವರು ಜಾಸ್ತಿ. ನಾಲ್ಕು ಜನ ಶ್ರೀಮಂತರು ಬಾಗಿಲು ಹಾಕಿಕೊಂಡು ಜನರ ತಲೆ ಕೆಡಿಸುವ ಯೋಜನೆ ಹಾಕಿದ ಹಾಗೆ. ಹಸ್ತಪ್ರತಿ ಹೇಳುವುದು ಅದಕ್ಕಿಂತ ಸರಳ. ಯಾರ ಕೈಯಲ್ಲಿ ಹೊಲ, ಗಿರಣಿ, ಗಣಿ ಇದೆಯೋ ಅವರ ಕೈಯಲ್ಲೇ ಅಚ್ಚುಕೂಟ, ಶಾಲೆ, ವೇದಿಕೆಗಳೂ ಇರುತ್ತವೆ. ಅವರ ವಿಚಾರಕ್ಕೆ ಕಾಗದ ಸಿಗುತ್ತದೆ, ಉಳಿದವರದಕ್ಕೆ ಸಿಗುವುದಿಲ್ಲ. ಇಷ್ಟು ಸಾಕು, ಸಂಚಿನ ಅಗತ್ಯವೇ ಇಲ್ಲ.

ಬಿಟ್ಟಿ ಮತ್ತು ಕೂಲಿ

ನನ್ನ ಪ್ರಕಾರ ಮಾರ್ಕ್ಸ್ ಅವರ ನಿಜವಾದ ಹೊಳಹು ಇರುವುದು ಈ ಹಸ್ತಪ್ರತಿಯಲ್ಲಲ್ಲ, ‘ಬಂಡವಾಳ’ದಲ್ಲಿ ಕೂಲಿಯ ಬಗ್ಗೆ ಬರೆದ ಪುಟಗಳಲ್ಲಿ. ಅಲ್ಲಿ ಅವರು ಮೂರು ತರದ ದುಡಿಮೆಯನ್ನು ಅಕ್ಕಪಕ್ಕ ಇಡುತ್ತಾರೆ.

ಮೊದಲನೆಯದು ಬಿಟ್ಟಿ. ರೈತ ವಾರದಲ್ಲಿ ಕೆಲವು ದಿನ ತನ್ನ ಹೊಲದಲ್ಲಿ ದುಡಿಯುತ್ತಾನೆ, ಕೆಲವು ದಿನ ಒಡೆಯನ ಹೊಲದಲ್ಲಿ. ತನಗೆಷ್ಟು, ಒಡೆಯನಿಗೆಷ್ಟು ಅನ್ನುವುದು ಕಣ್ಣಿಗೆ ಕಾಣುತ್ತದೆ. ನಡುವೆ ಒಂದು ಬದು ಇದೆ. ಎರಡನೆಯದು ಗುಲಾಮಗಿರಿ. ಅಲ್ಲಿ ಎಲ್ಲ ದುಡಿಮೆಯೂ ಒಡೆಯನದ್ದೇ ಅಂತ ಕಾಣುತ್ತದೆ. ಗುಲಾಮ ತಿನ್ನುವ ಅನ್ನಕ್ಕೆ ಬೇಕಾದಷ್ಟನ್ನು ಅವನೇ ದುಡಿದಿರುತ್ತಾನೆ, ಆದರೆ ಅದೂ ಒಡೆಯನ ದಯೆಯಂತೆ ಕಾಣುತ್ತದೆ. ಮೂರನೆಯದು ಕೂಲಿ. ಇಲ್ಲಿ ತಿರುವುಮುರುವು. ಕೊಟ್ಟ ಕೂಲಿ ಇಡೀ ದಿನದ ದುಡಿಮೆಗೆ ಕೊಟ್ಟದ್ದು ಅಂತ ಕಾಣುತ್ತದೆ. ಎಂಟು ಗಂಟೆ ದುಡಿದೆ, ಎಂಟು ಗಂಟೆಯ ಸಂಬಳ ಬಂತು. ಬದು ಎಲ್ಲಿದೆ? ಅಳಿಸಿಹೋಗಿದೆ.

ಮಾರ್ಕ್ಸ್ ಪ್ರಕಾರ ಮಾಲೀಕ ಕೊಳ್ಳುವುದು ದುಡಿಮೆಯನ್ನಲ್ಲ, ದುಡಿಯುವ ಶಕ್ತಿಯನ್ನು. ಅದರ ಬೆಲೆ ಕಾರ್ಮಿಕನ ಊಟ, ಬಾಡಿಗೆ, ಮಕ್ಕಳ ಸಾಕಾಣಿಕೆ ಇವುಗಳಿಂದ ಗೊತ್ತಾಗುತ್ತದೆ. ಆ ಶಕ್ತಿಯನ್ನು ಬಳಸಿ ಹುಟ್ಟಿಸುವ ಬೆಲೆ ಅದಕ್ಕಿಂತ ಜಾಸ್ತಿ. ಆ ಜಾಸ್ತಿಯೇ ಹೆಚ್ಚುವರಿ ಮೌಲ್ಯ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಸಂಬಳದ ಚೀಟಿಯಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಮಾರುಕಟ್ಟೆಯಲ್ಲಿ ಕೊಳ್ಳುವವ, ಮಾರುವವ ಇಬ್ಬರೂ ಸ್ವತಂತ್ರರು, ಸಮಾನರು. ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದ್ದಾರೆ. ಗಿರಣಿಯ ಬಾಗಿಲು ದಾಟಿ ಒಳಗೆ ಹೋದ ಮೇಲಷ್ಟೇ ಒಬ್ಬ ಮುಂದೆ ಮುಂದೆ, ಇನ್ನೊಬ್ಬ ಹಿಂದೆ ಹಿಂದೆ.

ಹಾಗಾಗಿ ಸಮಾನತೆಯ ಆ ನೋಟವನ್ನು ಯಾರೋ ಪಾದ್ರಿ ಅಥವಾ ಪತ್ರಕರ್ತ ಜನರ ತಲೆಗೆ ತುಂಬಬೇಕಾಗಿಲ್ಲ. ಕೂಲಿ ಕೊಡುವ ರೀತಿಯೇ ಅದನ್ನು ಪ್ರತಿ ತಿಂಗಳು ಹುಟ್ಟಿಸುತ್ತದೆ. ನಿಮಗೆ ಈ ವಿಷಯ ಅರ್ಥವಾದ ಮೇಲೂ ಸಂಬಳದ ಚೀಟಿ ಮೊದಲಿನಂತೆಯೇ ಕಾಣುತ್ತದೆ. ಗಾಳಿಯಲ್ಲಿ ಯಾವ ಯಾವ ಅನಿಲ ಇದೆ ಅಂತ ಕಂಡುಹಿಡಿದರೂ ಗಾಳಿ ಬದಲಾಗಲಿಲ್ಲವಲ್ಲ ಅಂತ ಸ್ವತಃ ಮಾರ್ಕ್ಸ್ ಬೇರೊಂದು ಕಡೆ ಹೇಳುತ್ತಾರೆ. ತಿಳಿವಳಿಕೆ ಕೊಟ್ಟರೆ ಐಡಿಯಾಲಜಿ ಕರಗುತ್ತದೆ ಅಂತ ನಂಬಿ ಪುಸ್ತಿಕೆ ಹಂಚುವವರು ಎಡವುವುದು ಇಲ್ಲೇ.

‘ಸುಳ್ಳು ಪ್ರಜ್ಞೆ’ ಎಂಬ ಮಾತನ್ನು ಎಲ್ಲರೂ ಮಾರ್ಕ್ಸ್ ತಲೆಗೆ ಕಟ್ಟುತ್ತಾರೆ. ಅದು ಬಂದಿರುವುದು 1893ರಲ್ಲಿ ಎಂಗೆಲ್ಸ್ ಅವರು ಜರ್ಮನ್ ಸಮಾಜವಾದಿ ಬರಹಗಾರ ಮೆಹ್ರಿಂಗ್‌ಗೆ ಬರೆದ ಪತ್ರದಲ್ಲಿ. ಅಷ್ಟು ಹೊತ್ತಿಗೆ ಮಾರ್ಕ್ಸ್ ತೀರಿಕೊಂಡು ಹತ್ತು ವರ್ಷ. ಎಂಗೆಲ್ಸ್ ಅಲ್ಲಿ ಮಾತಾಡುತ್ತಿರುವುದೂ ಕಾರ್ಮಿಕರ ಬಗ್ಗೆ ಅಲ್ಲ, ಚಿಂತಕರ ಬಗ್ಗೆ. ತನ್ನ ವಿಚಾರ ವಿಚಾರದಿಂದಲೇ ಹುಟ್ಟಿತು ಅಂತ ಚಿಂತಕ ಅಂದುಕೊಳ್ಳುತ್ತಾನೆ, ತನ್ನನ್ನು ನಿಜವಾಗಿ ನಡೆಸುತ್ತಿರುವುದು ಯಾವುದು ಅಂತ ಅವನಿಗೇ ಗೊತ್ತಿರುವುದಿಲ್ಲ ಅನ್ನುವುದು ಅವರ ಮಾತು. ‘ಬಡವರಿಗೆ ಬುದ್ಧಿ ಇಲ್ಲ, ಅದಕ್ಕೇ ನಮಗೆ ವೋಟು ಹಾಕಲ್ಲ’ ಎಂಬ ಗೊಣಗಾಟಕ್ಕೂ ಇದಕ್ಕೂ ಸಂಬಂಧ ಇಲ್ಲ.

ಲಾಳಿಗೆ ಬಾಯಿ ಹಚ್ಚುವವರು

ಹಾಗಾದರೆ ವರ್ಗ ಹೋರಾಟದಲ್ಲಿ ಐಡಿಯಾಲಜಿಯ ಜಾಗ ಎಲ್ಲಿ? 1859ರಲ್ಲಿ ಮಾರ್ಕ್ಸ್ ಬರೆದ ಒಂದು ಮುನ್ನುಡಿ ಪ್ರಸಿದ್ಧ. ಸಮಾಜದ ಬುನಾದಿ ಅದರ ಉತ್ಪಾದನೆಯ ಸಂಬಂಧಗಳು, ಅದರ ಮೇಲೆ ಕಾನೂನು, ರಾಜಕೀಯ, ಧರ್ಮ, ಕಲೆಗಳ ಕಟ್ಟಡ ಎದ್ದಿದೆ ಎಂಬ ಚಿತ್ರ ಅಲ್ಲಿಂದಲೇ ಬಂದದ್ದು. ಇದನ್ನು ಉರುಹೊಡೆದವರು ಮುಂದಿನ ಸಾಲನ್ನು ಮರೆತುಬಿಡುತ್ತಾರೆ. ಜನ ಬುನಾದಿಯ ಸಂಘರ್ಷವನ್ನು ಅರಿಯುವುದೂ ಅದನ್ನು ಕಾದಾಡಿ ತೀರಿಸುವುದೂ ಈ ಐಡಿಯಾಲಜಿಯ ರೂಪಗಳಲ್ಲೇ ಅಂತ ಮಾರ್ಕ್ಸ್ ಹೇಳುತ್ತಾರೆ. ಅಂದರೆ ಅದು ಬರೀ ಪರದೆ ಅಲ್ಲ, ಅಖಾಡವೂ ಹೌದು.

ಅಖಾಡ ಅಂದರೆ ಏನು ಅನ್ನುವುದಕ್ಕೆ ಅವರದೇ ಒಂದು ಪತ್ರ ಇದೆ. 1870ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿದ್ದ ಇಬ್ಬರು ಗೆಳೆಯರಿಗೆ ಬರೆದದ್ದು. ಇಂಗ್ಲೆಂಡಿನ ಪ್ರತಿ ಕೈಗಾರಿಕಾ ಊರಿನಲ್ಲೂ ಕಾರ್ಮಿಕರು ಎರಡು ಪಾಳೆಯವಾಗಿದ್ದಾರೆ, ಇಂಗ್ಲಿಷರು ಮತ್ತು ಐರಿಷರು. ಐರಿಷ್ ಕೂಲಿಯವನು ತನ್ನ ಕೂಲಿ ಇಳಿಸುತ್ತಾನೆ ಅಂತ ಇಂಗ್ಲಿಷ್ ಕೂಲಿಯವನಿಗೆ ಅವನ ಮೇಲೆ ದ್ವೇಷ. ಅದೇ ಹೊತ್ತಿಗೆ ತಾನು ಆಳುವ ದೇಶದವನು ಎಂಬ ಬಿಂಕ. ಪತ್ರಿಕೆ, ಚರ್ಚಿನ ವೇದಿಕೆ, ವ್ಯಂಗ್ಯಚಿತ್ರ ಎಲ್ಲವೂ ಈ ಬೆಂಕಿಗೆ ತುಪ್ಪ ಸುರಿಯುತ್ತವೆ. ಅಷ್ಟೊಂದು ಸಂಘಟನೆ ಇದ್ದರೂ ಇಂಗ್ಲಿಷ್ ಕಾರ್ಮಿಕ ವರ್ಗ ಬಲವಿಲ್ಲದೆ ಬಿದ್ದಿರುವ ಗುಟ್ಟು ಇದೇ ಅಂತ ಮಾರ್ಕ್ಸ್ ಬರೆದರು. ಗಮನಿಸಿ, ಕೂಲಿ ಇಳಿಯುವ ಭಯ ಸುಳ್ಳಲ್ಲ. ಆ ಭಯಕ್ಕೆ ಸಿಕ್ಕ ಹೆಸರು ತಪ್ಪು.

ಇದನ್ನು ಓದುವಾಗ ನಮ್ಮ ಕಡೆಯವರಿಗೆ ಮುಂಬಯಿಯ ಬಟ್ಟೆ ಗಿರಣಿಗಳು ನೆನಪಾಗಬೇಕು. ಅಲ್ಲಿ ಒಳ್ಳೆಯ ಸಂಬಳ ಇದ್ದದ್ದು ನೇಯ್ಗೆ ವಿಭಾಗದಲ್ಲಿ. ದಲಿತರಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಕಡಿಮೆ ಸಂಬಳದ ನೂಲುವ ವಿಭಾಗವೇ ಗತಿ. ಕಾರಣ ಒಂದು ಸಣ್ಣ ಕೆಲಸ. ನೂಲು ಮುಗಿದಾಗ ಅಥವಾ ಕಡಿದಾಗ ನೇಕಾರ ಲಾಳಿಯ ತೂತಿಗೆ ಬಾಯಿ ಹಚ್ಚಿ ಎಳೆಯನ್ನು ಹೀರಿ ಹೊರಗೆ ತರಬೇಕಿತ್ತು. ದಲಿತರ ಬಾಯಿ ಸೋಕಿದ ಲಾಳಿಯನ್ನು ಮುಟ್ಟಲು ಸವರ್ಣ ಕಾರ್ಮಿಕರು ತಯಾರಿರಲಿಲ್ಲ. ಅದೇ ಕಾರ್ಮಿಕರು ಕೆಂಬಾವುಟದ ಕೆಳಗೆ ಮುಷ್ಕರ ಮಾಡುತ್ತಿದ್ದರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆಯನ್ನು ಯೂನಿಯನ್ ಮುಂದೆ ಎತ್ತಿದರು. 1936ರಲ್ಲಿ ಅದಕ್ಕೆ ಸೂತ್ರವನ್ನೇ ಕೊಟ್ಟರು: ಜಾತಿ ಬರೀ ದುಡಿಮೆಯ ವಿಭಜನೆ ಅಲ್ಲ, ದುಡಿಯುವವರ ವಿಭಜನೆ.

ಜಾತಿ ಮೇಲಿನ ಕಟ್ಟಡದ ವಿಷಯ, ಬುನಾದಿ ಬದಲಾದರೆ ತಾನಾಗಿ ಬೀಳುತ್ತದೆ ಅಂತ ಕಾದು ಕೂತ ಭಾರತದ ಮಾರ್ಕ್ಸ್‌ವಾದಿಗಳು ಇಲ್ಲಿ ದೊಡ್ಡ ಪೆಟ್ಟು ತಿಂದರು. ಲಾಳಿಯ ಮುಂದೆ ನಿಂತವನಿಗೆ ಮೈಲಿಗೆ ಬರೀ ವಿಚಾರ ಆಗಿರಲಿಲ್ಲ. ತಿಂಗಳ ಕೊನೆಗೆ ಕೈಗೆ ಬರುವ ರೂಪಾಯಿಯಲ್ಲಿ ಅದು ಲೆಕ್ಕಕ್ಕೆ ಸಿಗುತ್ತಿತ್ತು. ನಂಬಿಕೆ ಯಾವುದು, ಬುನಾದಿ ಯಾವುದು ಅಂತ ಗೆರೆ ಎಳೆಯಲು ಆಗದ ಜಾಗ ಅದು.

ಗ್ರಾಂಷಿ ಕೇಳಿದ ಪ್ರಶ್ನೆ

ಇಟಲಿಯ ಕಮ್ಯುನಿಸ್ಟ್ ನಾಯಕ ಅಂತೋನಿಯೋ ಗ್ರಾಂಷಿಗೆ ಇನ್ನೊಂದು ಪೆಟ್ಟಿನ ನೆನಪಿತ್ತು. 1920ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಕಾರ್ಮಿಕರು ಕಾರ್ಖಾನೆಗಳನ್ನೇ ವಶಕ್ಕೆ ತೆಗೆದುಕೊಂಡಿದ್ದರು. ಎರಡೇ ವರ್ಷದಲ್ಲಿ ಅಧಿಕಾರಕ್ಕೆ ಬಂದದ್ದು ಮುಸ್ಸೊಲಿನಿ. ಗ್ರಾಂಷಿಯನ್ನು 1926ರಲ್ಲಿ ಹಿಡಿದು ಒಳಗೆ ಹಾಕಿದರು. 1929ರಿಂದ ಜೈಲಿನ ನೋಟ್‌ಬುಕ್‌ಗಳಲ್ಲಿ, ಸೆನ್ಸಾರ್ ಕಣ್ಣಿಗೆ ಬೀಳದ ಹಾಗೆ ಸುತ್ತುಬಳಸಿ ಬರೆಯುತ್ತಾ ಅವರು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ. ರಷ್ಯಾದಲ್ಲಿ ಗೆದ್ದ ಕ್ರಾಂತಿ ಇಲ್ಲಿ ಯಾಕೆ ಸೋತಿತು?

ಪಶ್ಚಿಮ ಯುರೋಪಿನಲ್ಲಿ ಆಳುವ ವರ್ಗ ಬರೀ ಪೊಲೀಸರನ್ನು ನಂಬಿ ಕೂತಿಲ್ಲ ಅನ್ನುವುದು ಅವರು ಕಂಡ ಉತ್ತರ. ಶಾಲೆ, ಚರ್ಚು, ಪತ್ರಿಕೆ, ಕ್ಲಬ್ಬು, ಇವುಗಳ ಮೂಲಕ ಜನರ ಒಪ್ಪಿಗೆ ಪಡೆದು ಆಳುತ್ತದೆ. ಪೊಲೀಸರು ಹಿಂದೆ ಇದ್ದೇ ಇರುತ್ತಾರೆ. ಇದಕ್ಕೆ ಅವರು ಹೆಜಿಮನಿ ಅಂದರು, ಕನ್ನಡದಲ್ಲಿ ಯಜಮಾನಿಕೆ ಅನ್ನುವುದೂ ಉಂಟು. ಅಧಿಕಾರದ ಕೋಟೆಯನ್ನು ಒಂದೇ ಏಟಿಗೆ ಹಿಡಿದರೆ ಆಗಲ್ಲ, ಸುತ್ತಲಿನ ಕಂದಕಗಳನ್ನು ಒಂದೊಂದಾಗಿ ಗೆಲ್ಲಬೇಕು.

ಗ್ರಾಂಷಿಯಲ್ಲಿ ನನಗೆ ತುಂಬ ಇಷ್ಟವಾಗುವುದು ಸಾಮಾನ್ಯ ಜನರ ತಿಳಿವಳಿಕೆ ಬಗ್ಗೆ ಅವರಿಗಿದ್ದ ಗೌರವ. ದುಡಿಯುವವನ ತಲೆಯಲ್ಲಿ ಎರಡು ತಿಳಿವಳಿಕೆ ಒಟ್ಟಿಗೆ ಇರುತ್ತವೆ ಅಂತ ಅವರು ಬರೆದರು. ಒಂದು ಅವನ ಕೆಲಸದಿಂದ, ಜೊತೆಗಾರರಿಂದ ಬಂದದ್ದು. ಇನ್ನೊಂದು ಹಿಂದಿನಿಂದ ಬಂದದ್ದು, ಪರೀಕ್ಷಿಸದೆ ಒಪ್ಪಿಕೊಂಡದ್ದು. ನಮ್ಮ ಗಾದೆಗಳನ್ನೇ ನೋಡಿ. ‘ಐದು ಬೆರಳೂ ಸಮ ಇರುತ್ತಾ?’ ಅನ್ನುವವರೇ ‘ಉಳ್ಳವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು’ ಅಂತಲೂ ಗೊಣಗುತ್ತಾರೆ. ಎರಡೂ ಒಂದೇ ಬಾಯಲ್ಲಿ, ಒಂದೇ ದಿನ. ಯಾವುದು ಯಾವಾಗ ಮೇಲೇಳುತ್ತದೆ ಅನ್ನುವುದನ್ನು ಭಾಷಣ ತೀರ್ಮಾನಿಸುವುದಿಲ್ಲ.

ಕಾಗೋಡಿನಲ್ಲಿ ಅದನ್ನು ತೀರ್ಮಾನಿಸಿದ್ದು ಒಂದು ಕೊಳಗ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಮುಖ್ಯ ತಕರಾರು ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಅಳತೆ ಸರಿ ಇರಲಿ ಅನ್ನುವುದು ಎಷ್ಟು ಸಣ್ಣ ಬೇಡಿಕೆ! ಒಡೆತನವನ್ನೇನೂ ಅದು ಪ್ರಶ್ನಿಸುವುದಿಲ್ಲ. ಆದರೆ ಒಡೆಯರು ಒಪ್ಪಲಿಲ್ಲ, ಜಮೀನು ಬಿಡಿಸಿದರು, ಜನ ಜೈಲಿಗೆ ಹೋದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಈ ಹೋರಾಟ ನಡೆಸಿದವರು ಸಮಾಜವಾದಿಗಳು, ಮಾರ್ಕ್ಸ್‌ವಾದಿಗಳಲ್ಲ, ಅದು ನೆನಪಿರಲಿ. ಕೊಳಗದ ಜಗಳ ನಡೆಯುತ್ತಾ ನಡೆಯುತ್ತಾ ‘ಉಳುವವನೇ ಹೊಲದೊಡೆಯ’ ಆಯಿತು. 1951ರಲ್ಲಿ ಆ ಮಾತು ತಲೆಹರಟೆ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ತಿದ್ದುಪಡಿಯ ಹೊತ್ತಿಗೆ ಅದೇ ಮಾತು ಕಾನೂನು. ಆಮೇಲೆ ಪ್ರತಿ ಪಕ್ಷದ ವೇದಿಕೆಯಲ್ಲೂ ಅದೇ. 2020ರಲ್ಲಿ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ ತಿದ್ದುಪಡಿಯಾದಾಗ ‘ಭೂಮಿಯೂ ಒಂದು ಆಸ್ತಿ, ಮಾರಿದರೆ ರೈತನಿಗೇ ಒಳ್ಳೆಯ ರೇಟು’ ಎಂಬ ವಾದಕ್ಕೆ ತಲೆದೂಗಿದವರೂ ಕಡಿಮೆ ಇರಲಿಲ್ಲ. ಗೆದ್ದ ಕಂದಕ ಕೈ ತಪ್ಪುವುದೂ ಉಂಟು.

ಫ್ರಾನ್ಸಿನ ತತ್ವಜ್ಞಾನಿ ಲೂಯಿ ಅಲ್ತುಸೇರ್ 1970ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಐಡಿಯಾಲಜಿ ತಲೆಯಲ್ಲಿ ಇರುವುದೇ ಅಲ್ಲ, ದಿನನಿತ್ಯದ ಆಚರಣೆಗಳಲ್ಲಿ ಇದೆ ಅಂದರು. ಸಾಲಿನಲ್ಲಿ ನಿಲ್ಲುವುದು, ಗಂಟೆ ಹೊಡೆದಾಗ ಏಳುವುದು, ಹೆಸರು ಕರೆದಾಗ ‘ಹಾಜರ್’ ಅನ್ನುವುದು. ಚರ್ಚಿನ ಜಾಗವನ್ನು ಈಗ ಶಾಲೆ ಹಿಡಿದಿದೆ ಅನ್ನುವುದು ಅವರ ವಾದ. ಚುರುಕಾದ ವಾದವೇ. ಆದರೆ ನಮ್ಮನ್ನು ಅಡಿಯಿಂದ ಮುಡಿವರೆಗೆ ಇದೇ ರೂಪಿಸಿದ್ದರೆ, ಮುಷ್ಕರ ಮಾಡುವ ಮನುಷ್ಯ ಎಲ್ಲಿಂದ ಬರುತ್ತಾನೆ? ಈ ಪ್ರಶ್ನೆಗೆ ಅವರಲ್ಲಿ ಗಟ್ಟಿ ಉತ್ತರ ನನಗೆ ಸಿಕ್ಕಿಲ್ಲ.

ಗಂಟೆ ಹೊಡೆದಾಗ ಏಳುವ ವಿಷಯದಲ್ಲಿ ಬ್ರಿಟನ್ನಿನ ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಬರೆದದ್ದು ಹೆಚ್ಚು ಕೆಲಸಕ್ಕೆ ಬರುತ್ತದೆ. ಗಿರಣಿ ಕಾರ್ಮಿಕರ ಮೊದಲ ತಲೆಮಾರಿಗೆ ಮಾಲೀಕರು ಸಮಯದ ಬೆಲೆ ಕಲಿಸಿದರು. ಎರಡನೆಯ ತಲೆಮಾರು ಹತ್ತು ಗಂಟೆಯ ಚಳವಳಿ ಕಟ್ಟಿತು. ಮೂರನೆಯದು ಓವರ್‌ಟೈಮ್ ದುಡ್ಡಿಗೆ ಹೋರಾಡಿತು. ಸಮಯ ಅಂದರೆ ಹಣ ಎಂಬ ಮಾಲೀಕರ ಪಾಠವನ್ನು ಚೆನ್ನಾಗಿಯೇ ಕಲಿತರು, ಕಲಿತ ಪಾಠವನ್ನು ಅವರ ಮೇಲೆಯೇ ತಿರುಗಿಸಿದರು. ಸೋಲೋ ಗೆಲುವೋ? ಎರಡೂ. ಸೂರ್ಯ ನೋಡಿ ದುಡಿಯುತ್ತಿದ್ದ ಬದುಕು ಹೋಯಿತು, ಆದರೆ ಸಂಜೆ ಅವರದ್ದಾಯಿತು. 1864ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘ ಶುರುವಾದಾಗ ಮಾರ್ಕ್ಸ್ ಹತ್ತು ಗಂಟೆಯ ಕಾನೂನನ್ನು ನೆನೆದದ್ದು ಈ ಕಾರಣಕ್ಕೇ. ಮಧ್ಯಮ ವರ್ಗದ ಅರ್ಥಶಾಸ್ತ್ರ ಕಾರ್ಮಿಕ ವರ್ಗದ ಅರ್ಥಶಾಸ್ತ್ರಕ್ಕೆ ಹಾಡಹಗಲೇ ಮಣಿದದ್ದು ಅದೇ ಮೊದಲು ಅಂದರು. ಸೀನಿಯರ್ ಲೆಕ್ಕವನ್ನು ಸೋಲಿಸಿದ್ದು ಇನ್ನೊಂದು ಲೆಕ್ಕ ಅಲ್ಲ, ಕಾರ್ಮಿಕರ ಚಳವಳಿ. ಮಾರ್ಕ್ಸ್ ಉತ್ತರ ಅಚ್ಚಾದದ್ದೇ ಗೆಲುವಿನ ನಂತರ.

ಒಂದೇ ಘೋಷಣೆ, ಹಲವು ಗೋಡೆ

ಲೆನಿನ್ 1902ರಲ್ಲಿ ಐಡಿಯಾಲಜಿ ಪದವನ್ನು ಬೇರೆ ಅರ್ಥದಲ್ಲಿ ಬಳಸಿದರು. ಬೂರ್ಜ್ವಾ, ಅಂದರೆ ಬಂಡವಾಳಿಗರ, ಐಡಿಯಾಲಜಿ ಒಂದು, ಸಮಾಜವಾದಿ ಐಡಿಯಾಲಜಿ ಇನ್ನೊಂದು, ಮಧ್ಯದ ದಾರಿ ಇಲ್ಲ, ಆರಿಸಿಕೊಳ್ಳಿ ಅಂತ. ನಾವು ಇವತ್ತು ‘ಆ ಪಕ್ಷದ ಐಡಿಯಾಲಜಿ’ ಅನ್ನುವುದು ಈ ಅರ್ಥದಲ್ಲೇ. ಸಮಸ್ಯೆ ಬಂದದ್ದು ಆ ಐಡಿಯಾಲಜಿ ಅಧಿಕಾರಕ್ಕೆ ಬಂದ ಮೇಲೆ.

1935ರ ಆಗಸ್ಟ್ ಕೊನೆಯಲ್ಲಿ ಅಲೆಕ್ಸಿ ಸ್ತಖಾನೊವ್ ಎಂಬ ಸೋವಿಯತ್ ಗಣಿ ಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದ ಅಂತ ಘೋಷಣೆಯಾಯಿತು. ಗೊತ್ತುಮಾಡಿದ್ದ ಪ್ರಮಾಣ 7 ಟನ್. ಪಕ್ಕದಲ್ಲಿ ಸಹಾಯಕರು ಇದ್ದದ್ದನ್ನು ದೊಡ್ಡದಾಗಿ ಹೇಳಲಿಲ್ಲ. ದೇಶ ತುಂಬ ಸ್ತಖಾನೊವ್ ಚಿತ್ರ ಬಂತು, ಕಾರ್ಖಾನೆಗಳಲ್ಲಿ ಗೊತ್ತುಮಾಡಿದ ಕೆಲಸದ ಪ್ರಮಾಣ ಏರಿತು. 1940ರ ಜೂನ್‌ನಲ್ಲಿ ದುಡಿಮೆಯ ದಿನವನ್ನು 7ರಿಂದ 8 ಗಂಟೆಗೆ ಏರಿಸಿದರು. 20 ನಿಮಿಷಕ್ಕಿಂತ ಜಾಸ್ತಿ ತಡವಾಗಿ ಬರುವುದು ಅಪರಾಧವಾಯಿತು. ಎಲ್ಲವೂ ಕಾರ್ಮಿಕ ವರ್ಗದ ಹೆಸರಿನಲ್ಲಿ. ಬದು ಮತ್ತೆ ಅಳಿಸಿಹೋಯಿತು, ಈ ಸಲ ಅಳಿಸಿದ್ದು ಮಾರ್ಕ್ಸ್ ಚಿತ್ರ ಹಾಕಿಕೊಂಡ ಕಚೇರಿ.

ಇದಕ್ಕೆ ಕೆಲವೇ ವರ್ಷ ಮುಂಚೆ, 1929ರಲ್ಲಿ, ಅದೇ ದೇಶದ ಭಾಷಾ ಚಿಂತಕ ವೊಲೊಶಿನೊವ್ ಒಂದು ಒಳ್ಳೆಯ ಮಾತು ಬರೆದಿದ್ದರು. ಬೇರೆ ಬೇರೆ ವರ್ಗಗಳು ಬಳಸುವುದು ಒಂದೇ ಭಾಷೆಯನ್ನು, ಹಾಗಾಗಿ ಪ್ರತಿ ಮಾತಿನ ಒಳಗೂ ವರ್ಗಗಳ ಎಳೆದಾಟ ನಡೆಯುತ್ತದೆ. ಆಳುವ ವರ್ಗ ಮಾತ್ರ ಆ ಮಾತಿಗೆ ಒಂದೇ ಅರ್ಥ, ಅದೂ ಶಾಶ್ವತ ಅರ್ಥ ಇದೆ ಅಂತ ತೋರಿಸಲು ನೋಡುತ್ತದೆ.

‘ಕಾಯಕವೇ ಕೈಲಾಸ’ ನೋಡಿ. 12ನೇ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯನ ಬಾಯಲ್ಲಿ ಇದು ಕಿಡಿಯಂಥ ಮಾತು. ಯಾವ ಕೆಲಸವೂ ಕೀಳಲ್ಲ, ಕೈಲಾಸಕ್ಕೆ ಪೂಜಾರಿಯ ದಾರಿ ಬೇಕಾಗಿಲ್ಲ. ಅವನು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಆಸೆ ಎಂಬುದು ಅರಸನಿಗಲ್ಲದೆ ಶಿವಭಕ್ತರಿಗುಂಟೆ ಅಂತ ಕೇಳಿ, ಹೆಚ್ಚಿನದನ್ನು ವಾಪಸ್ ಸುರಿದು ಬರಲು ಹೇಳಿದಳು. ಕಾಯಕದ ಜೊತೆಗೇ ಕೂಡಿಡಬೇಡ ಎಂಬ ಮಾತೂ ಇತ್ತು. ಇವತ್ತು ಅದೇ ಸಾಲು ಕಾರ್ಖಾನೆಯ ಗೇಟಿನ ಮೇಲೆ, ಕಚೇರಿಯ ಗೋಡೆ ಮೇಲೆ ಇದೆ. ಸುಮ್ನೆ ತಲೆ ತಗ್ಗಿಸಿ ಕೆಲಸ ಮಾಡು ಎಂಬ ಅರ್ಥದಲ್ಲಿ. ಲಕ್ಕಮ್ಮನ ಅರ್ಧ ಆ ಗೋಡೆ ಮೇಲೆ ಯಾಕಿಲ್ಲ ಅಂತ ಕೇಳಿದವರು ಕಡಿಮೆ.

ಕೆಲಸದ ಗಂಟೆಗಳ ಜಗಳ ಈಗ ಬೆಂಗಳೂರಿನಲ್ಲೇ ಇದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿತು. ವಾರದ ಮಿತಿ 48 ಗಂಟೆಯೇ ಉಳಿಯಿತು, ದಿನದ ದುಡಿಮೆ 12 ಗಂಟೆವರೆಗೆ ಹೋಗಬಹುದು ಅಂತಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಹ-ಸಂಸ್ಥಾಪಕ ನಾರಾಯಣ ಮೂರ್ತಿ, ದೇಶ ಮುಂದೆ ಬರಬೇಕಾದರೆ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಅವರು ಮನಸಾರೆ ಹೇಳಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಕೇಳಬೇಕಾದ ಪ್ರಶ್ನೆಯೂ ಅದಲ್ಲ. ಹೆಚ್ಚಿನ ಗಂಟೆಗಳು ‘ದೇಶ’ಕ್ಕೆ ಅಂದಾಗ, ಆ ಗಂಟೆಗಳಿಂದ ಹುಟ್ಟಿದ್ದು ಯಾರ ಖಾತೆಗೆ ಎಷ್ಟು ಹೋಗುತ್ತದೆ ಎಂಬ ಲೆಕ್ಕ ಆ ಪದದ ಒಳಗೆ ಮುಚ್ಚಿಹೋಗುತ್ತದೆ.

ಈ ಮಾತಿಗೆ ಹೌದು ಹೌದು ಅಂದವರಲ್ಲಿ ಐಟಿ ಉದ್ಯೋಗಿಗಳೂ ತುಂಬ ಜನ ಇದ್ದರು. ‘ನಾವು ಪ್ರೊಫೆಷನಲ್‌ಗಳು, ಕಾರ್ಮಿಕರಲ್ಲ’ ಅನ್ನುವುದು ಈ ಊರಿನಲ್ಲಿ ಗಟ್ಟಿಯಾಗಿ ಕೂತ ಸಾಮಾನ್ಯ ತಿಳಿವಳಿಕೆ. ಅದಕ್ಕೆ ಆಧಾರವೂ ಇದೆ: ಒಳ್ಳೆಯ ಸಂಬಳ, ಕಂಪನಿಯ ಷೇರು, ಗಾಜಿನ ಕಟ್ಟಡ, ಕಾರ್ಮಿಕ ಕಾನೂನಿನಿಂದ ಸರ್ಕಾರ ಕೊಟ್ಟ ವಿನಾಯಿತಿಗಳು. ಆದರೆ 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ದಾರಿ ಮಾಡುವ ಪ್ರಸ್ತಾಪದ ಸುದ್ದಿ ಬಂದಾಗ ಅದನ್ನು ವಿರೋಧಿಸಿ ಎದ್ದದ್ದು ಒಂದು ಟ್ರೇಡ್ ಯೂನಿಯನ್. ಅದರ ಸದಸ್ಯರು ಸಾಫ್ಟ್‌ವೇರ್ ಎಂಜಿನಿಯರುಗಳು.